ಗಂಜಿ ಹಾಕಿದ ಚೀಲ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕಂಪನಿಯ ಕಾಗದದ ಮೇಲೆ, ಗುಂಡಗಿನ ಅಕ್ಷರಗಳಲ್ಲಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ನಾನೇ ಬರೆದಿದ್ದೇನೆ. ಅದರಿಂದ ಅವರಿಗೆ ಆದದ್ದು ಸಾಕು. ಕಾರ್ಗಲ್ಲಿನ ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಇರಲಿ. ನನ್ನನ್ನು ಅವರು ರೈಟ್ರು ಎನ್ನುತ್ತಿದ್ದರು. ಕಾಗದಪತ್ರ ಬರೆಯುವ ಗುಮಾಸ್ತರಿಗೆ ಆ ಕ್ಯಾಂಪಿನಲ್ಲಿ ಅದೇ ಹೆಸರು. ಅವರು ತೀರಿಕೊಂಡಾಗ ಅವರಿಗಿದ್ದ ವಯಸ್ಸನ್ನು ನಾನು ದಾಟಿ ಎಷ್ಟೋ ವರ್ಷವಾಯಿತು. ಇನ್ನೂ ಬಾಯಿ ಬಿಡದೆ ಕೂತರೆ ನಾನೂ ಒಂದು ದಿನ ಹಾಗೆಯೇ ಹೋಗುತ್ತೇನೆ ಎಂದು ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು, ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿದ್ದ ಕಾಲ. ಅಲ್ಲಿಯ ಕೆಲಸದಲ್ಲಿ ಒಂದು ತುಂಡನ್ನು ಗುತ್ತಿಗೆ ಹಿಡಿದಿದ್ದ ಹೊರಗಿನ ಕಂಪನಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಆ ಕಂಪನಿ ಈಗ ಇಲ್ಲ, ಅದರ ಬಂಗಲೆಯೂ ಇಲ್ಲ. ಮೇಳಿಗೆಯಲ್ಲಿ ಹುಟ್ಟಿ, ತೀರ್ಥಹಳ್ಳಿಯಲ್ಲಿ ಟೈಪಿಂಗ್ ಕಲಿತು, ಇಪ್ಪತ್ತನಾಲ್ಕರ ಪ್ರಾಯಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲೆ ಎಂದು ತಲೆಯನ್ನು ಸ್ವಲ್ಪ ಮೇಲೆ ಎತ್ತಿಕೊಂಡೇ ಓಡಾಡುತ್ತಿದ್ದೆ. ಅಂಥವನ ಕೈಗೆ ಕಂಪನಿಯವರು ಬಂಗಲೆಯ ಉಸ್ತುವಾರಿಯನ್ನೂ ಕೊಟ್ಟರು. ಕಪ್ಪು ಬಸಿ, ಹಾಸಿಗೆ, ಸೊಳ್ಳೆಪರದೆ, ಬಚ್ಚಲ ಹಂಡೆ, ಎಲ್ಲಕ್ಕೂ ನಾನೇ ಯಜಮಾನ.

ಬಂಗಲೆಯ ಹಾಲಿನಲ್ಲಿ ಗೋಡೆಯಿಂದ ಗೋಡೆಯವರೆಗೆ ದಪ್ಪನೆಯ ರತ್ನಗಂಬಳಿ. ಹೊರದೇಶದ ಎಂಜಿನಿಯರುಗಳು ಬಂದು ಇಳಿಯುವ ಜಾಗ, ನೆಲ ತಣ್ಣಗಿರಬಾರದು ಎಂದು ಯಾರೋ ದೊಡ್ಡವರು ಹಾಕಿಸಿದ್ದು. ಹಾಕಿಸಿದವರಿಗೆ ನಮ್ಮ ಕೆಂಪು ಧೂಳಿನ ವಿಷಯ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಲಾರಿಗಳು ಎಬ್ಬಿಸಿದ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಕಂಬಳಿಯ ಬೇರಿನಲ್ಲಿ ಕೂರುತ್ತಿತ್ತು. ಪೊರಕೆ ಹಾಕಿದರೆ ಎದ್ದು ಕುರ್ಚಿಯ ಮೇಲೆ ಕೂತು, ನಾವು ಆಚೆ ಹೋದ ಮೇಲೆ ಮತ್ತೆ ಕೆಳಗಿಳಿಯುತ್ತಿತ್ತು. ಅದಕ್ಕೆಂದೇ ಕಂಪನಿ ಒಂದು ವ್ಯಾಕ್ಯೂಮ್ ಕ್ಲೀನರ್ ತರಿಸಿತ್ತು. ಈಗ ಮನೆಗಳಲ್ಲಿ ಇರುವಂಥ ಪುಟ್ಟದ್ದಲ್ಲ. ದೊಡ್ಡ ಹೋಟೆಲುಗಳಲ್ಲಿ ಬಳಸುವ ಡ್ರಮ್ಮಿನಂಥ ಯಂತ್ರ, ಕೆಳಗೆ ಚಕ್ರ, ಮುಂದೆ ಮಾರುದ್ದದ ರಬ್ಬರ್ ಕೊಳವೆ. ಕ್ಯಾಂಪಿನವರು ಅದನ್ನು ಆನೆ ಎಂದು ಕರೆದರು; ಕೊಳವೆ ಸೊಂಡಿಲಾಯಿತು.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವುದರೊಳಗೆ ಆನೆ ಕೆಲಸ ಬಿಟ್ಟಿತು. ಕೂಗುವುದೇನೋ ಕೂಗುತ್ತಿತ್ತು, ಎಳೆಯುತ್ತಿರಲಿಲ್ಲ. ಕಂಬಳಿಯ ಮೇಲೆ ಬಿದ್ದ ಬೀಡಿಯ ಬೂದಿಯೂ ಅಲ್ಲಾಡುತ್ತಿರಲಿಲ್ಲ. ಶಿವಮೊಗ್ಗದಿಂದ ಕರೆಸಿದ ಮೆಕ್ಯಾನಿಕ್ ಎರಡು ಸಲ ಬಂದು, ಎರಡು ಸಲವೂ ಊಟ ಮಾಡಿ, ಹೊಸದು ತರಿಸಿ ಎಂದು ಹೇಳಿ ಹೋದ. ಮ್ಯಾನೇಜರ್ ನನ್ನನ್ನು ಕರೆದು, ಇಷ್ಟು ದೊಡ್ಡ ಅಣೆಕಟ್ಟು ಕಟ್ಟುವವರಿಗೆ ಒಂದು ಕಂಬಳಿ ಗುಡಿಸಲು ಬರುವುದಿಲ್ಲವೇ ಎಂದು ಕೇಳಿದರು. ನಾನು ವರ್ಕ್‌ಶಾಪಿಗೆ ಹೋಗಿ, ಯಾರನ್ನಾದರೂ ಕಳಿಸಿ ಎಂದು ಬೇಡಿಕೊಂಡೆ. ಅವರು ಕಳಿಸಿದ್ದು, ಬಂಡೆ ಕೊರೆಯುವ ಉಳಿಗಳನ್ನು ಹದಮಾಡಲು ದಿನಗೂಲಿಯ ಮೇಲೆ ಇದ್ದ ಆಚಾರ್ರನ್ನು.

ನನಗೆ ಅವಮಾನವೇ ಆಯಿತು. ಪಟ್ಟಣದ ಮೆಕ್ಯಾನಿಕ್‌ಗೆ ಆಗದ ಯಂತ್ರಕ್ಕೆ ಕಮ್ಮಾರರನ್ನು ಕಳಿಸಿದ್ದಾರಲ್ಲ ಎಂದು. ಐವತ್ತರ ಹತ್ತಿರದ ಮನುಷ್ಯ, ಮೊಣಕಾಲಿನವರೆಗೆ ಪಂಚೆ, ಸೊಂಟದಲ್ಲಿ ನಸ್ಯದ ಡಬ್ಬಿ. ಹೊಸನಗರದ ಕಡೆ ಅವರ ಅಪ್ಪನದೊಂದು ಕುಲುಮೆ ಇತ್ತಂತೆ, ನೇಗಿಲಿನ ಗುಳ, ಕತ್ತಿ ಮಾಡುವುದು. ಬಂದವರು ಯಂತ್ರದ ಒಂದು ಮೊಳೆಯನ್ನೂ ಮುಟ್ಟಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಚಾಲೂ ಮಾಡಿ ಎಂದರು. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಅಂಗೈಯ ಹಿಂಬದಿಯನ್ನು ನೀರಿನಲ್ಲಿ ಅದ್ದಿ, ಆ ಒದ್ದೆ ಕೈಯನ್ನು ಕೊಳವೆಯ ಉದ್ದಕ್ಕೂ, ಮುಚ್ಚಳದ ಸುತ್ತಲೂ ಮೆಲ್ಲಗೆ ಆಡಿಸಿದರು. ಅಲ್ಲಲ್ಲಿ ನಿಂತು ಹ್ಞೂಂ ಎನ್ನುವರು. ಹಾಗೆ ಒಂದು ಗಂಟೆ.

"ಮೋಟಾರಿಗೆ ಎಂತದೂ ಆಗ್ಲಿಲ್ಲ ರೈಟ್ರೇ," ಎಂದರು ಕೊನೆಗೆ. "ಇದು ತಿದಿ. ನಮ್ಮ ಕುಲುಮೇಲಿ ಇರೋ ತಿದಿ ಬೆಂಕಿಗೆ ಗಾಳಿ ಊದ್ತದೆ, ಇದು ಎಳೀತದೆ, ಅಷ್ಟೇ. ಗಾಳಿಗೆ ಸೋಮಾರಿತನ ಜಾಸ್ತಿ. ಹತ್ರದ ದಾರಿ ಸಿಕ್ಕಿದ್ರೆ ದೂರದ ಬಾಯಿಂದ ಎಂತಕ್ಕೆ ಬರ್ತದೆ?"

ಮರುದಿನ ಅವರು ಮಾಡಿದ ಕೆಲಸ ಕ್ಯಾಂಪಿನಲ್ಲೆಲ್ಲ ನಗೆಗೆ ಕಾರಣವಾಯಿತು. ಜನ್ಮದಲ್ಲಿ ಬೀಡಿ ಸೇದದ ಮನುಷ್ಯ ಒಂದು ಕಟ್ಟು ಬೀಡಿ ತಂದು, ಬಂಗಲೆಯ ವಾಚ್‌ಮನ್ನನ್ನು ಆನೆಯ ಪಕ್ಕ ಕೂರಿಸಿ, ಸೇದು ಎಂದರು. ಯಂತ್ರ ಕೂಗುತ್ತಿರಬೇಕು, ವಾಚ್‌ಮನ್ ಸೊಂಡಿಲಿನ ಪಕ್ಕ ಪಕ್ಕ ಹೊಗೆ ಬಿಡುತ್ತ ಹೋಗಬೇಕು. ಹೊಗೆ ಎಲ್ಲಿ ಸೆಟೆದು ಒಳಗೆ ನುಗ್ಗುತ್ತದೋ ಅಲ್ಲಿ ಆಚಾರ್ರು ಸುಣ್ಣದ ಚುಕ್ಕಿ ಇಡುವರು. ಇಡೀ ಸರ್ವಿಸ್ಸಿನಲ್ಲಿ ತನಗೆ ಸಿಕ್ಕ ಒಳ್ಳೆಯ ಡ್ಯೂಟಿ ಅದೇ ಎಂದು ವಾಚ್‌ಮನ್ ಎಷ್ಟೋ ದಿನ ಹೇಳಿಕೊಂಡ. ಸಂಜೆಗೆ ಸೊಂಡಿಲಿನ ಮೇಲೆ ಹನ್ನೊಂದು ಚುಕ್ಕಿ, ಮುಚ್ಚಳದ ಸುತ್ತ ಅರ್ಧ ಚಂದ್ರನಷ್ಟು.

ಬಿರುಕುಗಳಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದರು. ಮುಚ್ಚಳದ ಕೆಳಗಿನ ರಬ್ಬರ್ ಬಳೆ ಚಪ್ಪಟೆಯಾಗಿ ಸತ್ತು ಹೋಗಿತ್ತು. ಲಾರಿಯ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿ, ಕೂಡುವಲ್ಲಿ ಹಲಸಿನ ಮೇಣ ಸವರಿ ಕೂರಿಸಿದರು. ಕಂಬಳಿಯ ಮೇಲೆ ಆಡಿಸುವ ಅಗಲ ಬಾಯಿಯ ಅಂಚಿಗೆ ಎರಡು ಸಣ್ಣ ಕಚ್ಚು ಕೊರೆದರು. ಅದು ಯಾಕೆ ಎಂದು ಕೇಳಿದೆ. ಬಾಯಿ ಪೂರ್ತಿ ಕಚ್ಚಿಕೊಂಡರೆ ಗಾಳಿಯೇ ಓಡುವುದಿಲ್ಲ, ಗಾಳಿ ಓಡದಿದ್ದರೆ ಧೂಳು ಯಾರ ಹೆಗಲ ಮೇಲೆ ಬರಬೇಕು ಎಂದರು. ಗುಡಿಸುವ ಹೆಂಗಸಿಗೂ ಪಾಠವಾಯಿತು. ಅವಳು ಪೊರಕೆಯ ಹಾಗೆ ಸರಸರ ಆಡಿಸುತ್ತಿದ್ದಳು. ಅವರು ಅವಳ ಕೈ ತಡೆದು, ನಿಧಾನಕ್ಕೆ, ಗದ್ದೆಯಲ್ಲಿ ನೇಗಿಲು ಹಿಡಿದ ಹಾಗೆ ಒಂದು ಸಾಲು ಹೋಗಿ ಅದೇ ಸಾಲಿನಲ್ಲಿ ವಾಪಸು ಬಾ ಎಂದು ತೋರಿಸಿದರು. ಯಂತ್ರದ ಕೂಗು ಬದಲಾದರೆ ಕೂಡಲೇ ನಿಲ್ಲಿಸಬೇಕು ಎಂದೂ ಹೇಳಿಕೊಟ್ಟರು.

ಅವರಿಗೆ ಅಂದಾಜು ಎಂದರೆ ಆಗುತ್ತಿರಲಿಲ್ಲ. ಗಾರೆಯವರು ಮಟ್ಟ ನೋಡುವ, ಒಳಗಿನ ನೀರು ಹೊರಗೆ ಕಾಣುವ ಕೊಳವೆಯೊಂದನ್ನು ಕೇಳಿ ತಂದು, ಒಂದು ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಮೇಲೆತ್ತಿ ಸೊಂಡಿಲಿನ ಬಾಯಿಗೆ ಬಿಗಿದು, ಯಂತ್ರ ಎಷ್ಟು ನೀರೆತ್ತುತ್ತದೆ ಎಂದು ಅಳೆದರು. ಮೊದಲ ದಿನ ಒಂದು ಗೇಣು ಎತ್ತಿತ್ತು. ತೇಪೆ ಹಾಕಿದ ಮೇಲೆ ಮೊಳ. ಬಳೆ ಕೂರಿಸಿದ ಮೇಲೆ ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಎಳೆದಿದ್ದರು. ಮ್ಯಾನೇಜರ್ ಬಂದು ಆ ಗೀರುಗಳನ್ನು ನೋಡಿ, ಕಂಬಳಿಯ ಬಣ್ಣ ಇಷ್ಟು ಹಸಿರೆಂದು ತಮಗೆ ತಿಳಿದೇ ಇರಲಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ಆಚಾರ್ರು ಪಕ್ಕದಲ್ಲೇ ನಿಂತು ನಸ್ಯ ಏರಿಸುತ್ತಿದ್ದರು. ಮ್ಯಾನೇಜರ್ ತಟ್ಟಬೇಕಾದ ಬೆನ್ನು ಯಾರದು ಎಂದು ನಾನು ಹೇಳಲಿಲ್ಲ.

ಆಮೇಲೆ ಬರೆದ ರಿಪೋರ್ಟಿನಲ್ಲಿ, ಯಂತ್ರವನ್ನು 'ನನ್ನ ಮೇಲ್ವಿಚಾರಣೆಯಲ್ಲಿ' ದುರಸ್ತಿ ಮಾಡಿಸಲಾಯಿತು ಎಂದು ಬರೆದೆ. ಕೆಳಗೆ ಅವರ ಹೆಸರನ್ನೂ ಸೇರಿಸಿದೆ, ಅನ್ಯಾಯ ಹೇಳಬಾರದು. ಆದರೆ ಆ ವಾಕ್ಯದಲ್ಲಿ ಅವರು ನನ್ನ ಕೈಯ ಸುತ್ತಿಗೆಯಷ್ಟೇ ಆಗಿದ್ದರು. ಎಂತ ಬರೆದಿರಿ ಎಂದು ಅವರು ಕೇಳಿದರು. ನಿಮ್ಮ ಬಗ್ಗೆ ಒಳ್ಳೆಯದೇ ಬರೆದಿದ್ದೇನೆ ಎಂದೆ. ಆ ಮನುಷ್ಯ ಅಷ್ಟಕ್ಕೇ ತೃಪ್ತರಾದರು.

ಯಂತ್ರದ ಹೊಟ್ಟೆಯೊಳಗೆ ಒಂದು ಬಟ್ಟೆಯ ಚೀಲವಿತ್ತು. ಎಳೆದ ಧೂಳು ನಿಲ್ಲುವುದು ಅದರಲ್ಲಿ. ಶನಿವಾರ ಶನಿವಾರ ಆಚಾರ್ರು ಬಂದು ಅದನ್ನು ಬಿಚ್ಚಿ, ಧೂಳನ್ನು ಹಳೆಯ ಪೇಪರಿನ ಮೇಲೆ ಸುರಿದು, ಬಂಗಲೆಯಲ್ಲಿ ಯಾರು ಯಾರು ಇಳಿದಿದ್ದರು ಎಂದು ಜ್ಯೋತಿಷ್ಯ ಹೇಳುತ್ತಿದ್ದರು. ಚುಟ್ಟದ ಬೂದಿ ಇದ್ದರೆ ಮುದುಕ ಎಂಜಿನಿಯರು, ಗೇರುಬೀಜದ ಸಿಪ್ಪೆ ಇದ್ದರೆ ಕುಡಿಯಲು ಬಾಟಲಿ ತೆರೆದವರು. ಒಮ್ಮೆ ಹೇರ್‌ಪಿನ್ ಸಿಕ್ಕಿತು. ಅದನ್ನು ನನ್ನ ಕೈಗೆ ಕೊಟ್ಟು, ಇದು ಯಾರದೂ ಅಲ್ಲ, ಎಸೆದುಬಿಡಿ ಎಂದರು. ಅವರಿಗೆ ಊರಿನ ಬಾಯಿ ಗೊತ್ತಿತ್ತು.

ಚೀಲವನ್ನು ಒಳಗು ಹೊರಗು ಮಾಡಿ, ಸೀಬೆಮರದ ಕೊಂಬೆಗೆ ಸಿಕ್ಕಿಸಿ, ಬೆತ್ತದಿಂದ ಬಡಿಯುವರು. ಆಮೇಲೆ ಅದನ್ನು ಮುಖಕ್ಕೆ ಹಿಡಿದು ಉಸಿರು ಬಿಟ್ಟು ನೋಡುವರು. ಸಲೀಸಾಗಿ ಉಸಿರು ಹೊರಗೆ ಹೋದರೆ ತಲೆ ಆಡಿಸುವರು. ನಾನು ಒಮ್ಮೆ, ಇದನ್ನು ಒಂದು ಸಲ ತೊಳೆಯಬಾರದೇ, ಹೊಲಸು ನಾರುತ್ತದೆ ಎಂದೆ.

"ನೀರು ತಾಗ್ಸಬೇಡಿ ಮಾರಾಯ್ರೆ," ಎಂದರು. "ಧೂಳು ಒಳಗೆ ನಿಲ್ಬೇಕು, ಗಾಳಿ ಹೊರಗೆ ಹೋಗ್ಬೇಕು. ಅದಕ್ಕೆ ಈ ಬಟ್ಟೆಗೆ ಕಣ್ಣು ಇರೋದು. ಕಣ್ಣು ಮುಚ್ಚಿದ್ರೆ ಮೋಟಾರಿಗೆ ಉಸಿರು ಕಟ್ತದೆ."

ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ಆ ವರ್ಷ ಕಂಪನಿ ದಿನಗೂಲಿಯವರಲ್ಲಿ ಕೆಲವರನ್ನು ಕಾಯಂ ಮಾಡುವುದೆಂದಾಯಿತು. ಕಾಯಂ ಆದವರಿಗೆ ಎರಡು ಕೋಣೆಯ ಕ್ವಾರ್ಟರ್ಸು. ಮ್ಯಾನೇಜರ್ ತಾವಾಗಿ ಆಚಾರ್ರ ಹೆಸರು ಹೇಳಿದರು, ಪಟ್ಟಿ ಬರೆದವನು ನಾನು. ಆಚಾರ್ರು ಹೊಸನಗರದ ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ಇಲ್ಲಿ ತಗಡಿನ ಶೆಡ್ಡಿನಲ್ಲಿ ಹತ್ತು ಜನರ ಜೊತೆ ಇದ್ದವರು. ಖಾಲಿ ಕ್ವಾರ್ಟರ್ಸಿಗೆ ಹೋಗಿ ಮೊಳ ಹಾಕಿ ಅಳೆದು ಬಂದರು. ಒಂದು ಭಾನುವಾರ ಹೆಂಡತಿಯನ್ನೂ ಬಸ್ಸಿನಲ್ಲಿ ಕರೆತಂದು ತೋರಿಸಿದರು. ಸಣಕಲು ಹೆಂಗಸು, ಮಾತು ಕಡಿಮೆ, ನೋಟ ಚೂಪು. ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಹೋಗುವಾಗ ನನ್ನ ಕಡೆ ತಿರುಗಿ, ಇದೆಲ್ಲ ರೈಟ್ರು ಬರೆದದ್ದರಿಂದ ಆಯಿತು ಎಂದು ಇವರು ಹೇಳುತ್ತಾರೆ ಎಂದು ಕೈ ಮುಗಿದರು. ನಾನೂ ಮುಗಿದೆ. ಪಟ್ಟಿಗೆ ಸಹಿ ಬೀಳಲು ಒಂದು ತಿಂಗಳಿತ್ತು.

ಆ ತಿಂಗಳಲ್ಲೇ ಆಚಾರ್ರು ಅಪ್ಪನ ವರ್ಷದ ತಿಥಿಗೆಂದು ನಾಲ್ಕು ದಿನ ಊರಿಗೆ ಹೋದರು. ಅವರು ಅತ್ತ ಹೋಗುತ್ತಲೇ ಇತ್ತ ಹೊರದೇಶದ ದೊಡ್ಡವರೊಬ್ಬರು ಬರುತ್ತಾರೆಂದು ತಂತಿ ಬಂತು. ಮ್ಯಾನೇಜರಿಗೆ ಆನೆಯ ಮೇಲೆ ಅಭಿಮಾನ, ಬರುವವರಿಗೆ ಅದನ್ನು ತೋರಿಸಬೇಕು, ಒಳಗೂ ಹೊರಗೂ ಚೊಕ್ಕಟವಾಗಿರಲಿ ಎಂದರು. ನಾನು ಮುಚ್ಚಳ ತೆಗೆದೆ. ಕೆಂಪು ಕಪ್ಪು ಬೆರೆತ ಆ ಚೀಲ ನೋಡಿ ಮೈ ಜುಂ ಎಂದಿತು. ನಮ್ಮದು ಮಡಿಯ ಮನೆ. ಕೊಳೆಯನ್ನು ತೊಳೆಯಬೇಡ ಎನ್ನುವುದು ಎಲ್ಲಿಯ ಶಾಸ್ತ್ರ ಎನಿಸಿತು. ಕಮ್ಮಾರರಿಗೆ ಬಟ್ಟೆಯ ವಿಷಯ ಏನು ಗೊತ್ತು ಎಂದೂ ಎನಿಸಿತು. ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದೇ ಕೈಯಲ್ಲಿ ಬಂತು. ಬಂಗಲೆಯ ಮೇಜಿನ ಬಟ್ಟೆಗಳ ಗಂಟಿಗೆ ಚೀಲವನ್ನೂ ಸೇರಿಸಿ, ಬಟ್ಟೆ ಒಗೆಯುವ ಮಡಿವಾಳನಿಗೆ ಕಳಿಸಿದೆ.

ಬಂಗಲೆಯ ಗಂಟು ಎಂದರೆ ಮಡಿವಾಳನಿಗೆ ಒಂದೇ ಲೆಕ್ಕ. ಸಾಹೇಬರ ಬಟ್ಟೆ ಗರಿಗರಿಯಾಗಿರಬೇಕು, ಇಲ್ಲದಿದ್ದರೆ ಬೈಗುಳ. ಆ ಬೈಗುಳ ಅವನಿಗೆ ಹಿಂದೆ ನನ್ನಿಂದಲೇ ಸಿಕ್ಕಿತ್ತು. ಅವನು ಚೀಲವನ್ನು ಮೂರು ನೀರಿನಲ್ಲಿ ಒಗೆದು, ಕುಸುಬಲಕ್ಕಿಯ ದಪ್ಪ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹೊಡೆದು, ದಿಂಬಿನ ಚೀಲದ ಹಾಗೆ ನಾಲ್ಕು ಮಡಿಕೆ ಮಾಡಿ ತಂದುಕೊಟ್ಟ. ಬಿಚ್ಚಿದರೆ ಹಪ್ಪಳದ ಹಾಗೆ ಸದ್ದು. ಈಗ ಹೇಳಲು ನಾಚಿಕೆ, ನನಗೆ ಆಗ ಸಂತೋಷವಾಯಿತು. ಚೀಲ ಎಂದರೆ ಹೀಗಿರಬೇಕು ಎಂದುಕೊಂಡು ನನ್ನ ಕೈಯಾರೆ ಯಂತ್ರದೊಳಗೆ ಕೂರಿಸಿದೆ.

ದೊಡ್ಡವರು ಹನ್ನೊಂದಕ್ಕೆ ಬರುವವರಿದ್ದರು. ಹತ್ತಕ್ಕೆ ಗುಡಿಸುವ ಹೆಂಗಸು ಯಂತ್ರ ಹಚ್ಚಿದಳು. ಸ್ವಲ್ಪ ಹೊತ್ತಿಗೇ ಬಾಗಿಲಿಗೆ ಬಂದು, ಆನೆ ಎಂತಕೋ ಬೇರೆ ಥರ ಕೂಗ್ತಿದೆ, ನಿಲ್ಲಿಸ್ಲಾ ಎಂದು ಕೇಳಿದಳು. ಕೂಗು ನನಗೂ ಕೇಳಿಸಿತ್ತು, ಸಣ್ಣಗೆ, ಎತ್ತರದಲ್ಲಿ. ಹೊತ್ತಿಲ್ಲ, ಮುಗಿಸು ಎಂದೆ. ಕಂಬಳಿ ಶುದ್ಧವಾಗುತ್ತಿಲ್ಲವೆಂದು ಅವಳು ಮತ್ತೆ ಮತ್ತೆ ಅದೇ ಸಾಲಿನಲ್ಲಿ ಎಳೆದಳು. ಜೀಪುಗಳು ಗೇಟಿನೊಳಗೆ ಬರುವ ಹೊತ್ತಿಗೆ ಹಾಲಿನಲ್ಲಿ ಸುಟ್ಟ ವಾಸನೆ, ಆಮೇಲೆ ಕಪ್ಪು ಹೊಗೆ. ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದು ಜಗಲಿಯಲ್ಲೇ ನಿಂತರು. ಮ್ಯಾನೇಜರ್ ನನ್ನನ್ನು ನೋಡಿದ ನೋಟದಲ್ಲಿ ನನ್ನ ಕೆಲಸ ಹೋಯಿತೆಂದೇ ತಿಳಿದೆ.

ಅವರು ಅತಿಥಿಗಳನ್ನು ಅಣೆಕಟ್ಟಿನ ಕಡೆ ಕರೆದುಕೊಂಡು ಹೋದರು. ನನಗೆ ಎರಡು ಗಂಟೆ ಸಿಕ್ಕಿತು. ಆ ಎರಡು ಗಂಟೆಯಲ್ಲಿ ನಾನು ಮಾಡಿದ್ದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಮುಚ್ಚಳ ತೆಗೆದು ಚೀಲ ಹೊರಗೆಳೆದೆ. ಮುಖಕ್ಕೆ ಹಿಡಿದು, ಆಚಾರ್ರು ಮಾಡುತ್ತಿದ್ದ ಹಾಗೆ ಉಸಿರು ಬಿಟ್ಟು ನೋಡಿದೆ. ಉಸಿರು ನನ್ನ ಮುಖಕ್ಕೇ ವಾಪಸು ಬಂತು. ಅದನ್ನು ಬಚ್ಚಲ ಒಲೆಗೆ ಹಾಕಿದೆ. ಉಗ್ರಾಣದಲ್ಲಿ ಯಂತ್ರದ್ದೇ ಇನ್ನೊಂದು ಹಳೆಯ ಚೀಲವಿತ್ತು, ಅದಕ್ಕೆ ಒಂದಿಷ್ಟು ಧೂಳು ಸುರಿದು ಅದರ ಜಾಗದಲ್ಲಿ ಇಟ್ಟೆ. ಸಂಜೆ ಮ್ಯಾನೇಜರ್ ಬಂದು ಯಂತ್ರ ನೋಡಿದರು. ಅವರ ಕಣ್ಣಿಗೆ ಬಿದ್ದದ್ದು ಸೈಕಲ್ ಟ್ಯೂಬಿನ ತೇಪೆ, ಬಿಸಿಗೆ ಕರಗಿ ಇಳಿದಿದ್ದ ಹಲಸಿನ ಮೇಣ. ಹೊರದೇಶದ ಯಂತ್ರಕ್ಕೆ ಈ ಹೊಲಸನ್ನು ಮೆತ್ತಿದವರು ಯಾರು ಎಂದು ಕೇಳಿದರು. ಮೊದಲು ಇದೇ ದುರಸ್ತಿಗಾಗಿ ನನ್ನ ಬೆನ್ನು ತಟ್ಟಿದ್ದರು ಎಂಬುದನ್ನು ಅವರೂ ನೆನಪಿಸಿಕೊಳ್ಳಲಿಲ್ಲ, ನಾನೂ ನೆನಪಿಸಲಿಲ್ಲ. ಬರೆದು ಕೊಡು ಎಂದರು. ಕೂತು ಬರೆದೆ. ಆಚಾರ್ರು ದುರಸ್ತಿ ಮುಗಿದ ಮೇಲೂ ಯಂತ್ರವನ್ನು ಬಿಚ್ಚುತ್ತಿದ್ದುದು 'ನನ್ನ ಗಮನಕ್ಕೆ ತರದೆ' ಎಂದು.

ನಾಲ್ಕನೆಯ ದಿನ ಆಚಾರ್ರು ಬಂದರು. ಬಸ್ಸಿನಿಂದ ಇಳಿದವರು ಶೆಡ್ಡಿಗೂ ಹೋಗದೆ ನೇರ ಬಂಗಲೆಗೆ ಬಂದರು. ಕೈಯಲ್ಲಿ ತಿಥಿಯ ವಡೆ ಕಟ್ಟಿಕೊಂಡ ಪೊಟ್ಟಣ, ನನಗೆಂದು ತಂದದ್ದು. ಯಂತ್ರದ ಎದುರು ಕೂತು ಮೋಟಾರ್ ಬಿಚ್ಚಿದರು. ಸುಟ್ಟ ತಂತಿಯನ್ನು ಬೆರಳಲ್ಲಿ ಸವರಿ, ಮೂಸಿ ನೋಡಿದರು.

"ಇದು ಉಸಿರು ಕಟ್ಟಿ ಸತ್ತದ್ದು," ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಚೀಲ ಯಾರಾದ್ರೂ ತೊಳ್ದ್ರಾ ರೈಟ್ರೇ?"

"ಇಲ್ಲ," ಎಂದೆ.

ಅವರು ಹಳೆಯ ಚೀಲವನ್ನು ತಿರುಗಿಸಿ ನೋಡಿದರು. ಅದು ಆ ಚೀಲವಲ್ಲ ಎಂದು ಅವರಿಗೆ ತಿಳಿಯದೆ ಇರುತ್ತದೆಯೇ ಎಂದು ಹೆದರಿದೆ. ಅವರು ಅದನ್ನು ಪಕ್ಕಕ್ಕೆ ಇಟ್ಟರು. ಹಾಗಾದರೆ ಬಳೆಯ ಮೇಣ ಕರಗಿ ಗಾಳಿಯ ದಾರಿಗೆ ಹೋಗಿರಬೇಕು, ತಮ್ಮ ಕೈಯದೇ ತಪ್ಪು ಎಂದರು. ಮೇಣ ಕರಗಿದ್ದು ಮೋಟಾರ್ ಕಾದ ಮೇಲೆ ಎಂದು ಯೋಚಿಸಬಲ್ಲ ಮನುಷ್ಯ ಅವರು. ಆದರೆ ಅದಕ್ಕೆ ಮೊದಲು ನಾನು ಸುಳ್ಳು ಹೇಳಿದೆ ಎಂದು ಯೋಚಿಸಬೇಕಿತ್ತು. ಅದು ಅವರಿಗೆ ಬರಲಿಲ್ಲ.

ಪಟ್ಟಿಯಿಂದ ಅವರ ಹೆಸರನ್ನು ಹೊಡೆದು ಹಾಕಿದವನೂ ನಾನೇ. ಕೆಂಪು ಶಾಯಿ, ಸ್ಕೇಲ್ ಇಟ್ಟು ಎಳೆದ ಗೆರೆ. ವಾರದೊಳಗೆ ಅವರನ್ನು ದಿನಗೂಲಿಯಿಂದಲೂ ಬಿಡಿಸಿದರು. ಹೋಗುವ ದಿನ ತಗಡಿನ ಪೆಟ್ಟಿಗೆ ಹೆಗಲ ಮೇಲೆ ಇಟ್ಟುಕೊಂಡು ಆಫೀಸಿನ ಮುಂದೆ ಬಂದರು. ನಾನು ಕಾಗದ ಹುಡುಕುವ ನೆಪದಲ್ಲಿ ಬೀರುವಿನ ಹಿಂದೆ ನಿಂತಿದ್ದೆ.

ಮೂರು ವರ್ಷದ ಮೇಲೆ, ಒಂದು ಸರ್ಕಾರಿ ಕಾಗದಕ್ಕಾಗಿ ಹೊಸನಗರಕ್ಕೆ ಹೋಗಬೇಕಾಯಿತು. ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿಯಲ್ಲಿ ಆಚಾರ್ರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕತ್ತಿ ಹರಿತ ಮಾಡುತ್ತಿದ್ದರು. ತಪ್ಪಿಸಿಕೊಂಡು ಹೋಗೋಣ ಎಂದು ನಾನು ತಿರುಗುವ ಮೊದಲೇ ನೋಡಿಬಿಟ್ಟರು. ಎದ್ದು ಬಂದು ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ, ಹೋಟೆಲಿನಿಂದ ಕಾಫಿ ತರಿಸಿದರು. ನಾವು ಮಾತಾಡುತ್ತಿದ್ದಂತೆ ಅಕ್ಕಿ ಗಿರಣಿಯವರೊಬ್ಬರು ಬಂದು, ಗಿರಣಿಯ ಹೊಟ್ಟು ಊದುವ ಫ್ಯಾನ್ ಗಾಳಿ ಕೊಡುತ್ತಿಲ್ಲ, ಒಂದು ಸಲ ನೋಡಿಕೊಡಿ ಎಂದು ಕೇಳಿದರು. ಕೇಳಿದ ರೀತಿ ನೋಡಿದರೆ ಅದು ಮೊದಲ ಸಲವಲ್ಲ. ಆಚಾರ್ರು ತಲೆ ಅಲ್ಲಾಡಿಸಿದರು. ತಾವು ಮೋಟಾರಿನ ಯಂತ್ರ ಮುಟ್ಟುವುದಿಲ್ಲ, ಕತ್ತಿ ಇದ್ದರೆ ಕೊಡಿ ಎಂದರು. ಗಿರಣಿಯವರು ಗೊಣಗುತ್ತ ಹೋದರು.

ಯಾಕೆ ಆಚಾರ್ರೇ, ಅದು ನಿಮಗೆ ಎಡಗೈ ಕೆಲಸ ಎಂದೆ. ಅಷ್ಟನ್ನು ಹೇಳುವ ನಾಲಿಗೆ ನನಗೆ ಎಲ್ಲಿಂದ ಬಂತೋ.

"ಕೈ ಮೇಲೆ ನಂಬಿಕೆ ಹೋಯ್ತು," ಎಂದರು. "ಅದು ಹೋಗ್ಲಿ. ನನ್ನ ದೆಸೆಯಿಂದ ನಿಮಗೆ ಅಷ್ಟು ಜನರೆದುರು ಮಾತು ಬಂತಲ್ಲ, ಅದೊಂದು ಬೇಜಾರು ನನ್ಗೆ. ಅವತ್ತು ಹೇಳ್ಬೇಕು ಅಂತ ಆಫೀಸಿಗೆ ಬಂದೆ, ನೀವು ಸಿಕ್ಲಿಲ್ಲ."

ಆಗ ಹೇಳಬೇಕಿತ್ತು. ಅಷ್ಟರಲ್ಲಿ ಸಾಗರದ ಬಸ್ಸಿನ ಡ್ರೈವರ್ ಹಾರನ್ ಹೊಡೆದ, ನಾನು ಬಸ್ ಹೊರಟಿತು ಎಂದು ಎದ್ದೆ. ಓಡಿ ಹೋಗಿ ಹತ್ತಿ ಕೂತೆ. ಬಸ್ ಆಮೇಲೆಯೂ ಹದಿನೈದು ನಿಮಿಷ ಅಲ್ಲೇ ನಿಂತಿತ್ತು. ಗೂಡಂಗಡಿ ಕಾಣದ ಕಡೆಯ ಸೀಟಿಗೆ ನಾನು ಬದಲಾಯಿಸಿ ಕೂತೆ.

ಅವರು ತೀರಿಕೊಂಡ ಸುದ್ದಿ ಆ ದಶಕ ಮುಗಿಯುವ ಮುಂಚೆ ಸಾಗರದಲ್ಲಿ ಸಿಕ್ಕಿತು. ಬಂಗಲೆಯ ಹಳೆಯ ವಾಚ್‌ಮನ್ ಪೇಟೆಯಲ್ಲಿ ಎದುರಾಗಿ ಹೇಳಿದ. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಕರ್ಮಾಂತರ ಕಳೆದು ಒಂದು ವಾರವಾದ ಮೇಲೆ ಹೊಸನಗರಕ್ಕೆ ಹೋದೆ. ಈ ಸಲ ಕೆಲಸದ ನೆಪ ಇರಲಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ, ರಿಪೋರ್ಟಿಗೆ ಜೋಡಿಸುತ್ತಿದ್ದ ಹಾಗೆ.

ಹೆಂಚಿನ ಸಣ್ಣ ಮನೆ. ಆಚಾರ್ರ ಹೆಂಡತಿ ಜಗಲಿಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕೂಡಲೇ ಗುರುತು ಹಿಡಿದರು, ಮಣೆ ಕೊಟ್ಟರು. ಹೆಣ್ಣುಮಕ್ಕಳಲ್ಲಿ ದೊಡ್ಡವಳ ಮದುವೆಯಾಗಿತ್ತು, ಚಿಕ್ಕವಳು ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಜೋಡಿಸಿಕೊಂಡ ವಾಕ್ಯಗಳು ಯಾವುವೂ ಬರಲಿಲ್ಲ. ಅಕ್ಕಾ, ಅವತ್ತು ಮೋಟಾರ್ ಸುಟ್ಟದ್ದು ಅವರಿಂದ ಅಲ್ಲ, ಚೀಲವನ್ನು ನಾನು ಒಗೆಯಲು ಕೊಟ್ಟಿದ್ದೆ, ಗಂಜಿ ಹಾಕಿದ್ದರು, ಅದನ್ನು ಸುಟ್ಟುಹಾಕಿ ಅವರ ಮೇಲೆ ಬರೆದೆ ಎಂದು ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದೆ. ಬೈದರೆ ಬೈಸಿಕೊಳ್ಳಬೇಕು ಎಂದು ಬಂದಿದ್ದೆ. ನಿಜ ಹೇಳಬೇಕೆಂದರೆ ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು.

ಅವರು ಬೈಯಲಿಲ್ಲ. ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದರು. ಒಳಗಿನ ಹೊಲಿಗೆ ಯಂತ್ರ ನಿಂತಿತು, ಮಗಳು ಕೇಳಿಸಿಕೊಂಡಿದ್ದಳು. ಆಮೇಲೆ ಅವರು ಮೊರದಿಂದ ಕಣ್ಣು ಎತ್ತದೆ ಹೇಳಿದರು:

"ನನ್ಗೆ ಆವತ್ತೇ ಅನ್ನಿಸಿತ್ತು. ಆ ರೈಟ್ರೇ ಚೀಲ ತೊಳ್ಸಿರಬೇಕು, ಹೋಗಿ ಸರಿಯಾಗಿ ಕೇಳಿ ಅಂದೆ ಇವರ ಹತ್ರ. ಇವರಿಗೆ ಸಿಟ್ಟು ಬಂತು. ಕೇಳಿದೀನಿ, ಇಲ್ಲ ಅಂದ್ರು, ಅವ್ರು ಸುಳ್ಳು ಹೇಳೋ ಜನ ಅಲ್ಲ ಅಂದ್ರು. ಎಂಟು ದಿನ ನನ್ನ ಹತ್ರ ಮಾತು ಬಿಟ್ಟಿದ್ರು."